ಥರ್ಮೋಕಪಲ್ ತೋರಿಸುವ ಬಿಸಿ ಯಾರದು?

ಬೆಂಕಿ ಬಿದ್ದ ಕೋಣೆಯ ಗಾಳಿ ಎಷ್ಟು ಬಿಸಿ? ಇದನ್ನು ತಿಳಿಯಲು ಸಂಶೋಧಕರು ಸಾಮಾನ್ಯವಾಗಿ ಥರ್ಮೋಕಪಲ್ ತೂಗುಬಿಡುತ್ತಾರೆ. ಎರಡು ಬೇರೆ ಲೋಹದ ತಂತಿಗಳ ತುದಿಯನ್ನು ಬೆಸೆದ ಪುಟ್ಟ ಮಣಿ ಅದು. ಮಣಿ ಕಾದಂತೆ ತಂತಿಯಲ್ಲಿ ಹುಟ್ಟುವ ಮಿಲಿವೋಲ್ಟ್ ಜಾಸ್ತಿಯಾಗುತ್ತದೆ. ಆದರೆ ಅದರಿಂದ ಸಿಗುವ ಅಂಕಿ ಮಣಿಯ ಉಷ್ಣತೆ, ಗಾಳಿಯದ್ದಲ್ಲ.

ಸುತ್ತ ಹರಿಯುವ ಗಾಳಿ ಮಣಿಯನ್ನು ಕಾಯಿಸುತ್ತದೆ. ಕಾದ ಮಣಿ ತಣ್ಣಗಿನ ಗೋಡೆಗಳತ್ತ ವಿಕಿರಣ ಸೂಸಿ ಬಿಸಿ ಕಳೆದುಕೊಳ್ಳುತ್ತದೆ. ಬಂದದ್ದೂ ಹೋದದ್ದೂ ಸಮನಾದಾಗ ಅದರ ಉಷ್ಣತೆ ನಿಲ್ಲುತ್ತದೆ. ತೊಂದರೆ ಇರುವುದು ಇಲ್ಲೇ: ಕೆಲ್ವಿನ್ ಲೆಕ್ಕದಲ್ಲಿ (ಸೆಲ್ಸಿಯಸ್ ಅಂಕಿಗೆ 273 ಕೂಡಿಸಿದರೆ ಸಿಗುವುದು) ಉಷ್ಣತೆ ಎರಡು ಪಟ್ಟಾದರೆ ಸೂಸುವ ವಿಕಿರಣ 16 ಪಟ್ಟಾಗುತ್ತದೆ.

ಒಂದು ಲೆಕ್ಕ ಹಾಕೋಣ. ಮಣಿ 727 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿದೆ, ಗೋಡೆ 427 ಡಿಗ್ರಿಯಲ್ಲಿದೆ ಎನ್ನಿ. ಮಣಿಯ ವಿಕಿರಣ ಸೂಸುವ ಗುಣ, 0ಯಿಂದ 1ರವರೆಗಿನ ಅಳತೆಯಲ್ಲಿ, 0.8. ಗಾಳಿಯಿಂದ ಮಣಿಗೆ ಬಿಸಿ ದಾಟುವ ದರ, ಚದರ ಮೀಟರಿಗೆ ಪ್ರತಿ ಡಿಗ್ರಿಗೆ 200 ವ್ಯಾಟ್. ಆಗ ಗಾಳಿಯ ನಿಜವಾದ ಉಷ್ಣತೆ ಸುಮಾರು 900 ಡಿಗ್ರಿ! ತಂತಿಗೆ ಏನೂ ಕೆಟ್ಟಿಲ್ಲ, ಆದರೂ 170 ಡಿಗ್ರಿ ತಪ್ಪು.

ಹಾಗಾದರೆ ಥರ್ಮೋಕಪಲ್ ಯಾವಾಗಲೂ ಕಡಿಮೆಯೇ ತೋರಿಸುತ್ತದೆಯೇ? ಇಲ್ಲ. ಅಮೆರಿಕದ ಅಳತೆ ಮತ್ತು ಮಾನದಂಡಗಳ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯ ಲಿಂಡಾ ಬ್ಲೆವಿನ್ಸ್ ಮತ್ತು ವಿಲಿಯಂ ಪಿಟ್ಸ್ 1999ರಲ್ಲಿ ಕೋಣೆಯ ಬೆಂಕಿಗೆ ಈ ಲೆಕ್ಕ ಮಾಡಿದರು. ಚಾವಣಿ ಬಳಿಯ ಬಿಸಿ ಹೊಗೆಯಲ್ಲಿ ಮಣಿ ಕಡಿಮೆ ತೋರಿಸುತ್ತದೆ. ನೆಲದ ಹತ್ತಿರದ ತಣ್ಣನೆ ಗಾಳಿಯಲ್ಲಿ, ಮೇಲಿನ ಹೊಗೆ ಮತ್ತು ಜ್ವಾಲೆಯ ವಿಕಿರಣ ಬಿದ್ದು, ಜಾಸ್ತಿ ತೋರಿಸುತ್ತದೆ. ನಿಜವಾದ ಉಷ್ಣತೆಗೆ ಹೋಲಿಸಿದರೆ ಕೆಳಗಿನ ತಪ್ಪೇ ದೊಡ್ಡದು. ಸಿಕ್ಕಿಬಿದ್ದವರು ತೆವಳುವುದೂ, ಅಗ್ನಿಶಾಮಕ ಸಿಬ್ಬಂದಿ ಬಗ್ಗಿ ನುಗ್ಗುವುದೂ ಅಲ್ಲೇ ಅಲ್ವಾ? ಹಾಗಾಗಿ ನನಗೆ ಈ ತಪ್ಪೇ ಹೆಚ್ಚು ಮುಖ್ಯ ಅನಿಸುತ್ತದೆ.

ಪರಿಹಾರಗಳಿವೆ. ತಂತಿ ಸಣ್ಣದಾದಷ್ಟೂ ಗಾಳಿಯ ಹಿಡಿತ ಹೆಚ್ಚಿ ತಪ್ಪು ಇಳಿಯುತ್ತದೆ, ಆದರೆ ತಂತಿ ಬೇಗ ತುಂಡಾಗುತ್ತದೆ. ಹೊಳೆಯುವ ಪ್ಲಾಟಿನಂ ಕಡಿಮೆ ವಿಕಿರಣ ಸೂಸುತ್ತದೆ. ಮಸಿ ಹಿಡಿದರೆ ಆ ಲಾಭ ಹೋಯಿತು. ಮಣಿಗೆ ಕೊಳವೆಯ ಮರೆ ಕಟ್ಟಿ, ಪಂಪಿನಿಂದ ಗಾಳಿಯನ್ನು ಅದರೊಳಗೆ ಜೋರಾಗಿ ಎಳೆಯುವ ವಿಧಾನ ಇನ್ನೂ ಒಳ್ಳೆಯದು. ಆದರೆ ಅಕ್ಕಪಕ್ಕದ ಗಾಳಿಯೂ ಒಳಗೆ ಬರುವುದರಿಂದ, ಅಳತೆ ಯಾವ ಜಾಗದ್ದು ಎನ್ನುವುದು ಮಸುಕಾಗುತ್ತದೆ.

ಎನ್‌ಐಎಸ್‌ಟಿಯ ಬೆಂಕಿ ಲೆಕ್ಕಾಚಾರದ ತಂತ್ರಾಂಶ ಎಫ್‌ಡಿಎಸ್‌ನಲ್ಲಿ ಇನ್ನೊಂದು ಜಾಣ ದಾರಿ ಇದೆ. ಅದು ಗಾಳಿಯ ಉಷ್ಣತೆಯ ಜೊತೆಗೆ, ಅಲ್ಲಿ ಒಂದು ಮಣಿ ಇದ್ದಿದ್ದರೆ ಎಷ್ಟು ತೋರಿಸುತ್ತಿತ್ತು ಎಂದೂ ಬೇರೆಯಾಗಿ ಹೇಳಬಲ್ಲದು. ಮಣಿಯ ದಪ್ಪ ಮತ್ತು ಸೂಸುವ ಗುಣ ಕೊಟ್ಟರೆ ಸಾಕು. ಪ್ರಯೋಗದ ಅಂಕಿಯನ್ನು ಹೋಲಿಸಬೇಕಾದದ್ದು ಈ ಎರಡನೇ ಅಂಕಿಯ ಜೊತೆಗೆ.