ಮೂಗು ಕಟ್ಟಿದ್ದು ಬೇರೆ, ವಾಸನೆ ಹೋದದ್ದು ಬೇರೆ

‘ಮೂಗಲ್ಲಿ ದುರ್ಮಾಂಸ ಬೆಳೆದಿದೆಯಂತೆ, ತೆಗೆಸಿದರೆ ವಾಸನೆ ಬರುತ್ತದಲ್ಲ ಡಾಕ್ಟ್ರೇ?’ ಹೀಗೆ ಕೇಳುವ ಬಹಳಷ್ಟು ಮಂದಿಯಲ್ಲಿ ಹೊಸದಾಗಿ ಏನೂ ಬೆಳೆದಿರುವುದಿಲ್ಲ. ಮೂಗಿನ ಒಳಗೋಡೆಯಲ್ಲಿ ಹುಟ್ಟಿನಿಂದಲೇ ಇರುವ ಮಡಿಕೆ, ಅಂದರೆ ಟರ್ಬಿನೇಟ್, ಅಲರ್ಜಿಯಿಂದ ಊದಿಕೊಂಡಿರುತ್ತದೆ, ಅಷ್ಟೆ. ಒಳಗೆಳೆದ ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವ ಈ ಮಡಿಕೆ ಪೂರ್ತಿ ತೆಗೆದುಹಾಕುವ ವಸ್ತುವಲ್ಲ. ಅತಿಯಾಗಿ ಕತ್ತರಿಸಿದರೆ ಮೂಗು ಒಣಗಿ ಹಕ್ಕಳೆ ಕಟ್ಟುತ್ತದೆ. ದಾರಿ ವಿಶಾಲವಾಗಿದ್ದರೂ ಕೆಲವರಿಗೆ ಉಸಿರಾಡಿದ ಅನುಭವವೇ ಆಗುವುದಿಲ್ಲ. ಆದ್ದರಿಂದಲೇ ಈಗ ಮೇಲ್ಪೊರೆ ಉಳಿಸಿಕೊಂಡು ಒಳಭಾಗವನ್ನಷ್ಟೇ ಕುಗ್ಗಿಸುತ್ತೇವೆ.

ಈ ಚಿಕಿತ್ಸೆ ಸಾಮಾನ್ಯವಾಗಿ ಕೆಳಗಿನ ಟರ್ಬಿನೇಟಿಗೆ. ವಾಸನೆ ಹಿಡಿಯುವ ಪೊರೆ ಇರುವುದು ಮೂಗಿನ ಛಾವಣಿಯಲ್ಲಿ, ಹೆಚ್ಚುಕಡಿಮೆ ಕಣ್ಣುಗಳ ಮಟ್ಟದಲ್ಲಿ. ಹಾಗಾಗಿ ವಾಸನೆಯ ನರಕ್ಕೆ ನೇರ ಪೆಟ್ಟು ಬೀಳುವ ಭಯ ತೀರ ಕಡಿಮೆ. ಅದೇ ಕಾರಣಕ್ಕೆ, ವಾಸನೆ ಮರಳುವ ಖಾತರಿಯೂ ಇಲ್ಲ. ಮಧ್ಯದ ಟರ್ಬಿನೇಟಿನ ಮಾತು ಬೇರೆ. ಅದರ ಬುಡ ವಾಸನೆಯ ನರಗಳು ಇಳಿದುಬರುವ ಜರಡಿಯಂಥ ಎಲುಬಿನ ಪಕ್ಕದಲ್ಲೇ ಅಂಟಿಕೊಂಡಿದೆ. ಒರಟಾಗಿ ಎಳೆದರೆ ಅಪಾಯ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ‘ಯಾವ ಟರ್ಬಿನೇಟ್, ಎಷ್ಟು ಭಾಗ?’ ಎಂದು ದಯವಿಟ್ಟು ಕೇಳಿ.

ಜನ ಮತ್ತೆ ಮತ್ತೆ ಎಡವುವುದು ಇಲ್ಲಿ: ಉಸಿರು ಸಲೀಸಾದರೆ ವಾಸನೆಯೂ ತಾನಾಗಿ ಬಂದೇ ಬರುತ್ತದೆ ಎಂಬ ನಂಬಿಕೆ. ವಾಸನೆ ಹೋಗುವುದು ಎರಡು ಬಗೆಯಲ್ಲಿ. ಗಾಳಿ ಛಾವಣಿ ತಲುಪದಿರುವುದು ಒಂದು. ತಲುಪಿದರೂ ಅಲ್ಲಿನ ಜೀವಕೋಶಗಳು ಕೆಟ್ಟಿರುವುದು ಇನ್ನೊಂದು. ಕೋವಿಡ್ ಅಥವಾ ಬೇರೆ ವೈರಸ್ ಶೀತದ ನಂತರ ವಾಸನೆ ಕಳೆದುಕೊಂಡವರಲ್ಲಿ ಹೆಚ್ಚಾಗಿ ಎರಡನೆಯದು. ಅವರಿಗೆ ಟರ್ಬಿನೇಟ್ ಎಷ್ಟು ಚೆನ್ನಾಗಿ ಕುಗ್ಗಿಸಿದರೂ ಒಗ್ಗರಣೆಯ ಇಂಗಿನ ಘಮ ಬಾರದು. ಅಲರ್ಜಿಯವರಲ್ಲಿ ಎರಡೂ ಬೆರೆತಿರಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ವಾಸನೆಯ ಪರೀಕ್ಷೆ ಆಗಿ, ದಾಖಲಾಗಬೇಕು. ದಿನಗಟ್ಟಲೆ ಬರುತ್ತಾ ಹೋಗುತ್ತಾ ಇರುವ ವಾಸನೆಯು ಗಾಳಿದಾರಿಯ ತಡೆ ಅಥವಾ ಉರಿಯೂತದ ಲಕ್ಷಣ; ಚಿಕಿತ್ಸೆಯಿಂದ ಲಾಭವಾಗುವ ಸಾಧ್ಯತೆ ಇಂಥವರಲ್ಲಿ ಹೆಚ್ಚು.

ಮನೆಯಲ್ಲಿ ನೋಡುವುದಾದರೆ ಕಣ್ಣು ಮುಚ್ಚಿ, ಒಂದು ಹೊಳ್ಳೆ ಒತ್ತಿಹಿಡಿದು, ಕಾಫಿಪುಡಿ ಮೂಸಿ. ಆಮೇಲೆ ಇನ್ನೊಂದು ಹೊಳ್ಳೆ. ವಿಕ್ಸ್, ಅಮೃತಾಂಜನ ಬೇಡ. ಅವುಗಳ ತಂಪು, ಚುರುಕು ಮುಖದ ಸ್ಪರ್ಶನರಕ್ಕೆ ತಗಲುತ್ತದೆ. ವಾಸನೆ ಪೂರಾ ಹೋದವರೂ ‘ಬರುತ್ತಿದೆ’ ಎನ್ನುತ್ತಾರೆ.

ಶಸ್ತ್ರಚಿಕಿತ್ಸೆಯ ನಂತರ ಮೊದಲ ಕೆಲವು ವಾರ ಊತ, ಹಕ್ಕಳೆಯಿಂದ ವಾಸನೆ ಇನ್ನಷ್ಟು ಮಂದವಾಗಬಹುದು. ಗಾಬರಿ ಬೇಡ, ಹಕ್ಕಳೆ ಕೀಳುವುದೂ ಬೇಡ. ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ತಲೆ ಸವರಿದ ಒಂದು ಟೀ ಚಮಚ ಉಪ್ಪು ಕರಗಿಸಿ, ನಿಮ್ಮ ವೈದ್ಯರು ಹೇಳಿದ ದಿನದಿಂದ ಮೂಗು ತೊಳೆಯಿರಿ. ನಲ್ಲಿ ನೀರನ್ನು ಹಾಗೇ ಬಳಸಬೇಡಿ. ಮೆಡಿಕಲ್ ಶಾಪಿನಿಂದ ತಂದ, ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಾಜೋಲಿನ್, ಸೈಲೋಮೆಟಾಜೋಲಿನ್ ಹನಿಗಳನ್ನು ವಾರ ಮೀರಿ ಹಾಕಿದರೆ ಕುಗ್ಗಿಸಿದ್ದು ಮತ್ತೆ ಊದುತ್ತದೆ.

ಮೂರು ತಿಂಗಳಾದರೂ ವಾಸನೆ ಸುಧಾರಿಸದಿದ್ದರೆ ಎಂಡೋಸ್ಕೋಪಿಯಲ್ಲಿ ಛಾವಣಿಯವರೆಗೂ ನೋಡಿಸಿ. ಕಾರಣ ನರದ್ದಾದರೆ ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳನ್ನು ದಿನಕ್ಕೆರಡು ಸಲ, ಒಂದೊಂದನ್ನೂ 10ರಿಂದ 20 ಸೆಕೆಂಡು ಗಮನವಿಟ್ಟು ಮೂಸುವ ಅಭ್ಯಾಸ ಕನಿಷ್ಠ 12 ವಾರ ಬೇಕು. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆ ತಿಳಿಸುವ ಅಲಾರಂ ಹಾಕಿಸಿ, ರಾತ್ರಿ ರೆಗ್ಯುಲೇಟರ್ ಆಫ್ ಮಾಡಿಯೇ ಮಲಗಿ.