ಕೇಳದ ಕಿವಿ, ಓಡುವ ಕಾಲ: ಗಡಿನಾಡಿನ ಮಕ್ಕಳಿಗೆ ನೆರವು ಬಂದ ದಾರಿ

ಎರಡು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ ಕಾಸರಗೋಡಿನ ಅನೇಕ ಮನೆಗಳಲ್ಲಿ ಮೊದಲು ನೆನಪಾಗುವುದು ಬಜೆ. ಜೇನಿನಲ್ಲಿ ತೇಯ್ದು ನಾಲಗೆಗೆ ಸವರಿದರೆ ಮಾತು ಬರುತ್ತದೆಂಬ ನಂಬಿಕೆ. ‘ಅವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’ ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ಯಾರಿಗೋ ಸಂಶಯ ಬಂದು ಬೆನ್ನ ಹಿಂದೆ ಬಟ್ಟಲು ಬಡಿಯುತ್ತಾರೆ. ಮಗು ತಿರುಗಿ ನೋಡಿತೆಂದರೆ ಎಲ್ಲರಿಗೂ ನಿಶ್ಚಿಂತೆ. ಆದರೆ ಅದು ನೆಲದ ಅದುರಿಗೋ ಗೋಡೆಯ ಮೇಲಿನ ನೆರಳಿಗೋ ತಿರುಗಿರಬಹುದು. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳಂತೆ ಅಳುತ್ತದೆ, ಕೇಕೆ ಹಾಕುತ್ತದೆ. ಹುಟ್ಟಿನಿಂದ ಕಿವುಡಿರುವ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ತಂದೆತಾಯಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ಮನೆಯವರಿಗೆ ತಿಳಿಯಲಿಲ್ಲವೆಂದು ದೂರುವುದು ಅನ್ಯಾಯ. ತಿಳಿಸಬೇಕಾದದ್ದು ಆಸ್ಪತ್ರೆ.

ತಡವಾದರೆ ನಷ್ಟವಾಗುವುದು ಮಿದುಳಿನಲ್ಲಿ. ಶಬ್ದವನ್ನು ಗುರುತಿಸುವ ಭಾಗ ಬೆಳೆಯಬೇಕಾದರೆ ಅದಕ್ಕೆ ಶಬ್ದ ತಲುಪಬೇಕು. ಮೊದಲ ಮೂರೂವರೆ ವರ್ಷ ಆ ಬೆಳವಣಿಗೆಯ ಮುಖ್ಯ ಕಾಲ. ಆಮೇಲೆ ಕಿವಿಗೆ ಒಳ್ಳೆಯ ಶ್ರವಣಯಂತ್ರ ಕೂರಿಸಿದರೂ ಮಾತು ಕಲಿಯುವುದು ಬಹಳ ಕಷ್ಟ.

ಇದನ್ನು ಅರಿತು ಹುಟ್ಟಿದ ಶಿಶುಗಳ ಕಿವಿ ಪರೀಕ್ಷಿಸಲು ಮೊದಲು ಹೊರಟವರಲ್ಲಿ ಅಮೆರಿಕದ ಶ್ರವಣತಜ್ಞೆ ಮೇರಿಯನ್ ಡೌನ್ಸ್ ಪ್ರಮುಖರು. 1960ರ ದಶಕದಲ್ಲಿ ಅವರ ತಂಡ ಶಿಶುವಿನ ಬಳಿ ಶಬ್ದ ಮಾಡಿ ಅದು ಬೆಚ್ಚುತ್ತದೆಯೇ ಎಂದು ನೋಡುತ್ತಿತ್ತು. ಪರೀಕ್ಷೆಗೆ ನಂಬಲರ್ಹ ಯಂತ್ರ ಆಗ ಇರಲಿಲ್ಲ. ಅದಕ್ಕೆ ದಾರಿ ತೆರೆದದ್ದು 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್. ಆರೋಗ್ಯವಂತ ಒಳಕಿವಿ ಶಬ್ದ ಕೇಳಿಸಿಕೊಂಡಾಗ ತಾನೂ ಒಂದು ಸೂಕ್ಷ್ಮ ಪ್ರತಿಧ್ವನಿ ಹೊರಡಿಸುತ್ತದೆಂದು ಅವರು ತೋರಿಸಿದರು. ಇವತ್ತಿನ ಓಎಇ ಪರೀಕ್ಷೆ ನಿಂತಿರುವುದು ಅದರ ಮೇಲೆಯೇ. ನಿದ್ದೆಹೋದ ಕೂಸಿನ ಕಿವಿಗೆ ಮೆತ್ತನೆಯ ತುದಿಯೊಂದನ್ನಿಟ್ಟರೆ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ಸಿಗುತ್ತದೆ. ‘ರೆಫರ್’ (ಮತ್ತೆ ಪರೀಕ್ಷಿಸಬೇಕು) ಎಂದು ಬಂದ ಮಾತ್ರಕ್ಕೆ ಕಿವುಡೆಂದು ತಿಳಿಯಬೇಕಾಗಿಲ್ಲ, ಹೆರಿಗೆಯ ಕೊಳೆ ಕಿವಿಯಲ್ಲಿ ಉಳಿದಿದ್ದರೂ ಹಾಗೆ ಬರುತ್ತದೆ. ಮತ್ತೊಮ್ಮೆ ನೋಡಿ, ಆಗಲೂ ಹಾಗೇ ಬಂದರೆ ಹಣೆಗೂ ಕಿವಿಯ ಹಿಂದಕ್ಕೂ ತಂತಿ ಅಂಟಿಸಿ, ಶಬ್ದಕ್ಕೆ ನರ ಮತ್ತು ಮಿದುಳು ಸ್ಪಂದಿಸುತ್ತವೆಯೇ ಎಂದು ನೋಡುವ ಬೆರಾ ಪರೀಕ್ಷೆಗೆ ಹೋಗಬೇಕು. ಆರು ತಿಂಗಳೊಳಗೆ ದೋಷ ಗೊತ್ತಾದ ಮಕ್ಕಳ ಭಾಷೆ ತಡವಾಗಿ ಗೊತ್ತಾದವರಿಗಿಂತ ಸ್ಪಷ್ಟವಾಗಿ ಮುಂದಿರುತ್ತದೆಂದು 1998ರಲ್ಲಿ ಕೊಲರಾಡೊದ ಅಧ್ಯಯನ ತೋರಿಸಿತು. ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ರೋಗನಿರ್ಣಯ, ಆರರೊಳಗೆ ಚಿಕಿತ್ಸೆ ಎಂಬ ಲೆಕ್ಕ ಈಗ ಎಲ್ಲೆಡೆ ಒಪ್ಪಿತವಾಗಿದೆ.

ನಮ್ಮಲ್ಲಿ ಕಾಗದದ ಮೇಲಿನ ಭರವಸೆಗೆ ಬರವಿರಲಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳ ತಪಾಸಣೆ ನಡೆಯಬೇಕೆಂದು 1995ರ ಅಂಗವಿಕಲರ ಕಾಯ್ದೆ ಹೇಳಿತು, 2016ರ ಹೊಸ ಕಾಯ್ದೆ ಮತ್ತೆ ಹೇಳಿತು. ಕಿವುಡುತನ ತಡೆಯ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲಿ 25 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಬಂತು. 2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟುಕಿವುಡನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು, ಜಿಲ್ಲೆಗೊಂದು ಆರಂಭಿಕ ಚಿಕಿತ್ಸಾ ಕೇಂದ್ರವನ್ನೂ ವಿಧಿಸಿತು. ಕೇರಳ ಒಂದು ಹೆಜ್ಜೆ ಮುಂದೆಯೇ ಇತ್ತು: ಐದು ವರ್ಷದೊಳಗಿನ ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಕೂರಿಸುವ ಶ್ರವಣಯಂತ್ರ) ಶಸ್ತ್ರಚಿಕಿತ್ಸೆಯನ್ನೂ ನಂತರದ ಮಾತಿನ ತರಬೇತಿಯನ್ನೂ ಸರ್ಕಾರದ ಖರ್ಚಿನಲ್ಲಿ ಕೊಡುವ ‘ಶ್ರುತಿತರಂಗಂ’ 2012ರಿಂದ ಇದೆ. ಇದು ಚಿಕ್ಕ ಸಾಧನೆಯಲ್ಲ.

2016ರ ಕಾಯ್ದೆಯ ಒಂದು ಅಳತೆ ಮಾತ್ರ ಮನಸ್ಸಿಗೆ ಒಪ್ಪುವುದಿಲ್ಲ. ಎರಡೂ ಕಿವಿಗಳಲ್ಲಿ 60 ಡೆಸಿಬೆಲ್ ನಷ್ಟವಿದ್ದರೆ ಮಾತ್ರ ‘ಶ್ರವಣದೋಷ’. 50 ಡೆಸಿಬೆಲ್ ಕಳೆದುಕೊಂಡ ಮಗು ತರಗತಿಯ ಹೆಚ್ಚಿನ ಮಾತನ್ನು ತಪ್ಪಿಸಿಕೊಳ್ಳುತ್ತದೆ, ಪ್ರಮಾಣಪತ್ರಕ್ಕೆ ಆ ಮಗು ಲೆಕ್ಕಕ್ಕಿಲ್ಲ.

ಗಡಿನಾಡಿನ ನಿಜವಾದ ತೊಡಕು ಎದುರಾಗುವುದು ಯಂತ್ರ ಸಿಕ್ಕಿದ ಮೇಲೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಕನ್ನಡಿಗರು ಕಾಯಿಲೆಗೆ ಹತ್ತಿರದ ಮಂಗಳೂರಿಗೂ ಸರ್ಕಾರಿ ಕಾಗದಕ್ಕೆ ದಕ್ಷಿಣಕ್ಕೂ ಓಡುತ್ತಿದ್ದಾರೆ. ಜಿಲ್ಲಾ ಆಸ್ಪತ್ರೆ ಇರುವುದು ಕಾಞಂಗಾಡಿನಲ್ಲಿ. ಅಲ್ಲಿಗೆ ಹೋದರೆ ತರಬೇತಿಯ ಮಾತು ಸಹಜವಾಗಿ ಮಲಯಾಳ. ಅದನ್ನು ತಪ್ಪೆಂದು ಹೇಳುವಂತಿಲ್ಲ, ಮಲಯಾಳ ಆಡುವ ಮಕ್ಕಳಿಗೆ ಅದೇ ಬೇಕು. ಮನೆಯಲ್ಲಿ ಕನ್ನಡವೋ ತುಳುವೋ ಆಡುವ ಮಗುವಿಗೆ ಮಾತ್ರ ಇದರಿಂದ ಕಷ್ಟ. ತರಬೇತುದಾರರ ಜತೆ ಮಗು ಕೂರುವುದು ವಾರಕ್ಕೆ ಒಂದೆರಡು ಗಂಟೆ. ಉಳಿದೆಲ್ಲ ಹೊತ್ತು ಕಲಿಸುವವರು ಮನೆಯವರೇ.

ಬೆಳಿಗ್ಗೆ ಯಂತ್ರ ಹಾಕಿದೊಡನೆ ತಾಯಿ ಬಾಯಿ ಕಾಣದಂತೆ ಮರೆಮಾಡಿ ‘ಆ’, ‘ಈ’, ‘ಊ’, ‘ಮ್’, ‘ಶ್’, ‘ಸ್’ ಎಂದು ಒಂದೊಂದೇ ಸದ್ದು ಮಾಡುತ್ತಾರೆ. ಕೇಳಿದಾಗಲೆಲ್ಲ ಮಗು ಒಂದು ಅಡಿಕೆಯನ್ನು ಬುಟ್ಟಿಗೆ ಹಾಕಬೇಕು. ‘ಸ್’ ಎಂದಾಗ ಕೈ ಸುಮ್ಮನಿದ್ದರೆ ಯಂತ್ರದಲ್ಲೇನೋ ದೋಷವಿದೆಯೆಂದು ಸಂಶಯಪಡಬೇಕು. ಆಮೇಲೆ ದೋಸೆ ಹೊಯ್ಯುವಾಗ, ಮೀಯಿಸುವಾಗ, ಹಟ್ಟಿಗೆ ಹುಲ್ಲು ಹಾಕುವಾಗ ನಿಲ್ಲದ ಮಾತು. ತಾಯಿಗೆ ಲೀಲಾಜಾಲವಾಗಿ ಬಾರದ ಭಾಷೆಯಲ್ಲಿ ಇದನ್ನು ದಿನವಿಡೀ ನಡೆಸಲು ಸಾಧ್ಯವೇ? ಮೈಸೂರಿನ ಸಂಸ್ಥೆಯ ಶಾಲಾಪೂರ್ವ ತರಬೇತಿಯಲ್ಲಿ ತಾಯಂದಿರನ್ನೂ ಜತೆಗೆ ಕೂರಿಸಿ ಕಲಿಸುವುದು ಇದಕ್ಕಾಗಿಯೇ. ಕೇಂದ್ರ ಸರ್ಕಾರದ ಸಂಸ್ಥೆಯಾದ್ದರಿಂದ ಅಲ್ಲಿ ರಾಜ್ಯದ ಗಡಿ ಅಡ್ಡ ಬರುವುದಿಲ್ಲ, ಆದರೆ ಕೂಲಿಯ ಮನೆಯವರು ತಿಂಗಳುಗಟ್ಟಲೆ ಮೈಸೂರಿನಲ್ಲಿ ಇರುವುದು ಹೇಗೆ? ಮಾತು ಕೈಗೂಡುವವರೆಗೆ ಸನ್ನೆ ಭಾಷೆಯನ್ನು ದೂರವಿಡಬೇಕೆಂಬ ಹಟವನ್ನೂ ನಾನು ಒಪ್ಪುವುದಿಲ್ಲ. ಮಗುವಿಗೆ ಯಾವುದೋ ಒಂದು ಭಾಷೆ ಹೊತ್ತಿಗೆ ಸರಿಯಾಗಿ ಸಿಗಬೇಕು.

ಮಂಗಳೂರನ್ನು ನೆಚ್ಚಿಕೊಳ್ಳುವುದರ ಅಪಾಯವನ್ನು 2020ರ ಮಾರ್ಚ್ ತೋರಿಸಿತು. ಕೊರೊನಾ ಕಾಲದಲ್ಲಿ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದಾಗ ಕಾಸರಗೋಡಿನ ಹಲವು ರೋಗಿಗಳು ಚಿಕಿತ್ಸೆ ಸಿಗದೆ ತೀರಿಕೊಂಡರು. ಜಿಲ್ಲೆಯೊಳಗೇ ಕನ್ನಡ ಬಲ್ಲ ತರಬೇತುದಾರರು ಬೇಕೆನ್ನುವುದಕ್ಕೆ ಬೇರೆ ಸಮರ್ಥನೆ ಬೇಕಿಲ್ಲ.

ಕೇಳಿ ಪಡೆಯುವುದು ಈ ಜಿಲ್ಲೆಯ ತಾಯಂದಿರಿಗೆ ಹೊಸದಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಕೀಟನಾಶಕ ಎಂಡೋಸಲ್ಫಾನ್ ವಿರುದ್ಧ ಎಣ್ಮಕಜೆಯಂಥ ಹಳ್ಳಿಗಳಿಂದ ಎದ್ದ ದನಿ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರದ ಆದೇಶ ತಂದಿತು. ಅದು ಜಾರಿಯಾಗಲಿಲ್ಲವೆಂದು 2019ರಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟರಿಯಟ್ ಎದುರು ಮತ್ತೆ ಧರಣಿ ಕುಳಿತರು.

ಕಿವಿಯ ವಿಷಯದಲ್ಲಿ ಅಷ್ಟು ಕಾಯಲು ಸಮಯವಿಲ್ಲ. ಹೆರಿಗೆಯಾದ ಆಸ್ಪತ್ರೆಯಿಂದ ಹೊರಡುವ ಮೊದಲೇ ಓಎಇ ಆಯಿತೇ ಎಂದು ಕೇಳಿ, ಫಲಿತಾಂಶವನ್ನು ಬರಹದಲ್ಲಿ ಪಡೆಯಿರಿ. ಆಗಿಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ಜಿಲ್ಲೆಯ ಆರಂಭಿಕ ಚಿಕಿತ್ಸಾ ಕೇಂದ್ರದಲ್ಲಿ ಹೆಸರು ಬರೆಸಿ. ತರಬೇತಿ ಕನ್ನಡದಲ್ಲಿ ಬೇಕೆಂದು ಜಿಲ್ಲಾ ವೈದ್ಯಾಧಿಕಾರಿಗೆ ಅರ್ಜಿ ಹಾಕಿ, ಅದರ ಒಂದು ಪ್ರತಿ ಪಂಚಾಯತಿಗೂ ಹೋಗಲಿ. ಅರ್ಜಿ ಕನ್ನಡದಲ್ಲೇ ಇರಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಮಗುವಿನ ಹುಟ್ಟಿದ ದಿನಾಂಕವನ್ನು ಮೊದಲ ಸಾಲಿನಲ್ಲೇ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಡಬೇಡಿ.