ಬರ್ಕ್‌ಹ್ಯಾಂಸ್ಟೆಡ್ ಗುಡ್ಡದಲ್ಲಿ ಕಂದಕ ಓದುವ ಪಾಠ

ನಮ್ಮ ಕಡೆ ಕಂದಕ ಅಂದರೆ ಎರಡು ನೆನಪಾಗುತ್ತವೆ. ಒಂದು ಕೋಟೆ ಸುತ್ತ ತೋಡಿದ್ದು, ಇನ್ನೊಂದು ಕಾಡಂಚಿನ ಆನೆ ಕಂದಕ. ಎರಡೂ ಆಚೆಯಿಂದ ಬರುವವರನ್ನು ತಡೆಯುವುದಕ್ಕೆ. ಮೊದಲ ಮಹಾಯುದ್ಧದ ಕಂದಕದ ಒಳಗೆ ಮನುಷ್ಯರೇ ಇಳಿದು ದಿನಗಟ್ಟಲೆ ಇರುತ್ತಿದ್ದರು. ಇಷ್ಟು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಆ ಯುದ್ಧದ ತರಬೇತಿಗೆ ತೋಡಿದ ಕಂದಕಗಳನ್ನು ನೋಡಲು ನಾನು ಹೋಗಿದ್ದು ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್‌ನ ಬರ್ಕ್‌ಹ್ಯಾಂಸ್ಟೆಡ್‌ಗೆ. ಲಂಡನ್ನಿನ ಯೂಸ್ಟನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ಊರ ಮೇಲಿನ ಗುಡ್ಡದಲ್ಲಿ ಬರ್ಕ್‌ಹ್ಯಾಂಸ್ಟೆಡ್ ಕಾಮನ್ ಇದೆ. ಕಾಮನ್ ಅಂದರೆ ನಮ್ಮ ಗೋಮಾಳದ ಥರ, ಊರಿನವರು ದನ ಮೇಯಿಸಿ ಸೌದೆ ತರುತ್ತಿದ್ದ ಜಾಗ. ಈಗ ಅಲ್ಲಿ ಬೀಚ್ ಮರಗಳು, ಬ್ರ್ಯಾಕನ್ ಎಂಬ ಜರಿಗಿಡದ ಪೊದೆಗಳು. ಕಲಿಯುವವರಿಗೆ ಈ ಜಾಗ ಯಾಕೆ ಇಷ್ಟು ಒಳ್ಳೆಯದು ಅಂದರೆ, ಒಂದೇ ನಡಿಗೆಯಲ್ಲಿ ಮೂರು ಕಾಲದ ಮೂರು ತೋಡು ಸಿಗುತ್ತವೆ.

ಮೊದಲನೆಯದು ರೈಲು ನಿಲ್ದಾಣದ ಪಕ್ಕದಲ್ಲೇ ಇರುವ, ನಾರ್ಮನ್ ಕಾಲದ ಅಂದರೆ ಸುಮಾರು ಸಾವಿರ ವರ್ಷ ಹಿಂದಿನ ಕೋಟೆಯ ಕಂದಕ. ಅಗಲ, ಆಳ, ಕೋಟೆಯನ್ನು ಬಳಸಿಕೊಂಡು ಹೋಗುತ್ತದೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಎರಡನೆಯದು ಕಾಮನ್ ಮೇಲಿನ ಗ್ರಿಮ್ಸ್ ಡಿಚ್. ಕಬ್ಬಿಣ ಯುಗದ್ದು ಎನ್ನುತ್ತಾರೆ. ಒಂದು ಕಡೆ ಹಳ್ಳ, ಪಕ್ಕದಲ್ಲಿ ಮಣ್ಣಿನ ಏರಿ, ಎರಡೂ ಜೊತೆಯಾಗಿ ದೂರದವರೆಗೆ ಸಾಗುತ್ತವೆ. ಹೊಸಬರು ಇದನ್ನೇ ಯುದ್ಧದ ಕಂದಕ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಅರ್ಧ ಪುಟ ಬರೆದು ಆಮೇಲೆ ಹೊಡೆದು ಹಾಕಿದೆ.

ಮೂರನೆಯದು ನಮ್ಮ ಪಾಠ. 1914ರ ಸೆಪ್ಟೆಂಬರಿನಲ್ಲಿ ಇನ್ಸ್ ಆಫ್ ಕೋರ್ಟ್ ಅಧಿಕಾರಿಗಳ ತರಬೇತಿ ದಳ ಈ ಊರಿಗೆ ಬಂದು ಡೇರೆ ಹಾಕಿತು. ಇನ್ಸ್ ಆಫ್ ಕೋರ್ಟ್ ಅಂದರೆ ಲಂಡನ್ನಿನ ವಕೀಲರ ನಾಲ್ಕು ಹಳೆಯ ಸಂಸ್ಥೆಗಳು. ಯುದ್ಧದ ವರ್ಷಗಳಲ್ಲಿ ಸುಮಾರು 12,000 ಮಂದಿ ಇಲ್ಲಿ ತರಬೇತಿ ಪಡೆದರು. ಗುದ್ದಲಿ ಹಿಡಿದು ಅಭ್ಯಾಸವೇ ಇಲ್ಲದ ಕೈಗಳು ಅವರಲ್ಲಿ ಎಷ್ಟಿದ್ದವೋ. ಅವರು ತೋಡಿದ ಕಂದಕಗಳ ಒಟ್ಟು ಉದ್ದ ಸುಮಾರು 13 ಕಿಲೋಮೀಟರ್. ಈಗ ಉಳಿದಿರುವುದು 500 ಮೀಟರಿನಷ್ಟು.

ಗುರುತಿಸುವುದು ಹೇಗೆ? ಆಳ ನೋಡಬೇಡಿ. ನೂರು ವರ್ಷದ ಮಳೆಗೆ ಅಂಚು ಕುಸಿದು, ತರಗೆಲೆ ತುಂಬಿ, ಮೊಣಕಾಲುದ್ದದ ತಗ್ಗಷ್ಟೇ ಕಾಣುವ ಕಡೆಯೂ ಇದೆ. ತಿರುವು ನೋಡಿ. ನಾನು ತಗ್ಗಿನ ಪಕ್ಕದಲ್ಲೇ ಹೆಜ್ಜೆ ಎಣಿಸುತ್ತಾ ನಡೆದೆ. ಎಂಟು ಹೆಜ್ಜೆ ನೇರ. ಥಟ್ಟನೆ ಹಿಂದಕ್ಕೆ ಮೂಲೆ. ನಾಲ್ಕು ಹೆಜ್ಜೆ ಅಡ್ಡ. ಮತ್ತೆ ಮುಂದಕ್ಕೆ ಮೂಲೆ, ಮತ್ತೆ ಎಂಟು ಹೆಜ್ಜೆ. ಕೋಟೆ ಗೋಡೆಯ ತೆನೆಗಳನ್ನು ನೆಲದ ಮೇಲೆ ಮಲಗಿಸಿದ ಹಾಗೆ. ಎರಡು ಸಾವಿರ ವರ್ಷದ ಹಿಂದೆ ಗ್ರಿಮ್ಸ್ ಡಿಚ್ ತೋಡಿದವರಿಗೆ ಇಂಥ ಮೂಲೆಗಳು ಬೇಕಿರಲಿಲ್ಲ.

ಈ ಮೂಲೆಗಳು ಯಾಕೆ ಅಂತ ಅರ್ಥವಾದರೆ ಇಡೀ ಪಾಠ ಅರ್ಥವಾದಂತೆ. ಕಂದಕ ನೇರವಾಗಿದ್ದರೆ, ಶತ್ರು ಒಂದು ತುದಿಗೆ ಬಂದು ನಿಂತು ಉದ್ದಕ್ಕೂ ಗುಂಡು ಹಾರಿಸಬಹುದು. ಒಂದು ಷೆಲ್, ಅಂದರೆ ಫಿರಂಗಿಯ ಸಿಡಿಗುಂಡು, ಒಳಗೆ ಬಿದ್ದರೆ ಅದರ ಚೂರುಗಳು ಸಾಲಿನಲ್ಲಿ ನಿಂತ ಎಲ್ಲರಿಗೂ ಬಡಿಯುತ್ತವೆ. ನಡುನಡುವೆ ಮಣ್ಣಿನ ದಪ್ಪ ತಡೆ ಬಿಟ್ಟರೆ ಒಂದು ಗೂಡಿನಲ್ಲಿ ಆದ ಸಾವು ಪಕ್ಕದ ಗೂಡಿಗೆ ದಾಟುವುದಿಲ್ಲ. ಈ ತಡೆಗೆ ಟ್ರಾವರ್ಸ್ ಅನ್ನುತ್ತಾರೆ. ನಡುವಿನ ಗೂಡು ಫೈರ್ ಬೇ. ಮುಂದಿನ ಬದು ಪ್ಯಾರಪೆಟ್, ಬೆನ್ನ ಹಿಂದಿನದು ಪ್ಯಾರಡಾಸ್. ಆಳೆತ್ತರದ ಕಂದಕದಿಂದ ಆಚೆ ನೋಡಿ ಗುಂಡು ಹಾರಿಸಲು ಮುಂದಿನ ಗೋಡೆಯಲ್ಲಿ ಒಂದು ಮೆಟ್ಟಿಲು ಇರುತ್ತಿತ್ತು. ಅದು ಫೈರ್ ಸ್ಟೆಪ್.

ಇದಲ್ಲದೆ ಹಾವಿನಂತೆಯೋ ಅಂಕುಡೊಂಕಾಗಿಯೋ ಹಿಂದಕ್ಕೆ ಹೋಗುವ ತೋಡು ಕಂಡರೆ ಅದು ಸಂಪರ್ಕ ಕಂದಕ. ಊಟ, ಮದ್ದುಗುಂಡು, ಗಾಯಾಳುಗಳು ಎಲ್ಲ ಅದರಲ್ಲೇ ಓಡಾಡಬೇಕು. ಅದಕ್ಕೂ ತಿರುವು ಬೇಕು, ಕಾರಣ ಅದೇ.

ತೋಡುವುದನ್ನು ಯಾಕೆ ಕಲಿಸಬೇಕಿತ್ತು ಅಂತ ಕೆಲವರು ಕೇಳುತ್ತಾರೆ. ಗುಂಡಿ ತೋಡುವುದರಲ್ಲಿ ಕಲಿಯುವುದು ಏನಿದೆ, ಅಲ್ವಾ? ಆದರೆ ಇವರು ಅಧಿಕಾರಿಗಳಾಗಿ ಹೋಗುವವರು. ಫ್ರಾನ್ಸಿನಲ್ಲಿ ರಾತ್ರಿ ಕತ್ತಲಲ್ಲಿ, ಸದ್ದಿಲ್ಲದೆ, ತಮ್ಮ ಕೈಕೆಳಗಿನವರಿಂದ ಇದನ್ನೇ ತೋಡಿಸಬೇಕು. ಮೂಲೆ ಎಲ್ಲಿ, ಮಣ್ಣು ಯಾವ ಕಡೆಗೆ, ಗೋಡೆ ಕುಸಿಯದ ಹಾಗೆ ಏನು ಆನಿಸಬೇಕು ಅನ್ನುವುದು ಕೈಗೆ ಬಂದಿರಬೇಕು. ಒಂದು ವ್ಯತ್ಯಾಸ ಮಾತ್ರ ಗಮನಿಸಿ: ಇಲ್ಲಿ ಗುಡ್ಡದ ನೆಲ. ಯುದ್ಧ ನಡೆದ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್‌ನ ತಗ್ಗು ನೆಲದಲ್ಲಿ ಸ್ವಲ್ಪ ತೋಡಿದರೆ ನೀರು ಬರುತ್ತಿತ್ತು. ಅಲ್ಲಿ ಎಷ್ಟೋ ಕಡೆ ಮರಳುಚೀಲ ಪೇರಿಸಿ ಗೋಡೆಯನ್ನು ಮೇಲಕ್ಕೆ ಕಟ್ಟಬೇಕಾಯಿತು. ಈ ಗುಡ್ಡ ಅದನ್ನು ಕಲಿಸಿರಲಾರದು.

ಹೋಗುವುದಾದರೆ ಚಳಿಗಾಲದಲ್ಲಿ ಹೋಗಿ. ಬೇಸಿಗೆಯಲ್ಲಿ ಬ್ರ್ಯಾಕನ್ ಎದೆಯೆತ್ತರ ಬೆಳೆದು ಏನೂ ಕಾಣುವುದಿಲ್ಲ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಓರೆ ಬಿಸಿಲು ಬಿದ್ದಾಗ ತಗ್ಗುಗಳಲ್ಲಿ ನೆರಳು ತುಂಬಿ, ತಿರುವುಗಳು ಗೆರೆ ಎಳೆದಂತೆ ಎದ್ದು ಕಾಣುತ್ತವೆ. ಅಂಚಿನ ಮೇಲೆ ಕಾಲಿಡಬೇಡಿ, ಒಳಗೆ ಇಳಿಯಬೇಡಿ. ಸುಮ್ನೆ ಒಂದು ಹೆಜ್ಜೆ ಅನ್ನಿಸುತ್ತದೆ, ಆದರೆ ಉಳಿದಿರುವುದೇ ಇಷ್ಟು.

ಕಾಮನ್ ಮೇಲೆ ದಳದ ನೆನಪಿಗೆ ನಿಲ್ಲಿಸಿದ ಒಂದು ಸ್ತಂಭವಿದೆ. ಈ ದಳದಿಂದ ಹೋದವರಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮಂದಿ ವಾಪಸ್ ಬರಲಿಲ್ಲ. ಸ್ತಂಭಕ್ಕೆ ಕೊನೆಯಲ್ಲಿ ಹೋಗಿ. ಮೊದಲು ಹೆಜ್ಜೆ ಎಣಿಸಿ ನಕ್ಷೆ ಬರೆದುಕೊಳ್ಳಿ: ಎಂಟು, ಮೂಲೆ, ನಾಲ್ಕು, ಮೂಲೆ, ಎಂಟು.